ಕಸದ ಗುಡ್ಡೆಯಲ್ಲಿ ಉಂಡ ಹಕ್ಕಿ

2005ರ ಬೇಸಿಗೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ‘ಓಡನ್’ ಎಂಬ ಹಿಮ ಒಡೆಯುವ ಹಡಗು ಹತ್ತಿ ಆರ್ಕ್‌ಟಿಕ್ ಕಡೆಗೆ ಹೊರಟರು. ಸೈಬೀರಿಯಾದ ಈಶಾನ್ಯ ಮೂಲೆ, ಅಲಾಸ್ಕಾದ ಉತ್ತರ ಭಾಗ, ಗ್ರೀನ್‌ಲ್ಯಾಂಡಿನ ಉತ್ತರ ಭಾಗ, ಹೀಗೆ ಮರವೂ ಬೆಳೆಯದ ಬಯಲುಗಳಲ್ಲಿ ಹಕ್ಕಿಗಳಿಂದ ಮಾದರಿ ಸಂಗ್ರಹಿಸಿದರು. ಅವುಗಳಿಂದ ಬೇರ್ಪಡಿಸಿದ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ 97 ತಳಿಗಳನ್ನು ಬಗೆಬಗೆಯ ಆಂಟಿಬಯೋಟಿಕ್‌ಗಳಿಗೆ ಒಡ್ಡಿದಾಗ ಎಂಟು ತಳಿಗಳು ಕನಿಷ್ಠ ಒಂದು ಔಷಧಕ್ಕಾದರೂ ಬಗ್ಗಲಿಲ್ಲ. ಕೆಲವು ಹಲವು ಔಷಧಗಳನ್ನು ಒಟ್ಟಿಗೇ ತಡೆದುಕೊಂಡವು. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಎಂಟು ದೊಡ್ಡ ಸಂಖ್ಯೆಯೇನಲ್ಲ. ಸೊನ್ನೆ ಬಂದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆ ಬಯಲಿನಲ್ಲಿ ಔಷಧದಂಗಡಿ ಇಲ್ಲ, ಕೋಳಿ ಫಾರಂ ಇಲ್ಲ, ಆಸ್ಪತ್ರೆಯ ಚರಂಡಿ ಇಲ್ಲ. ಔಷಧದ ಕಾಟವೇ ಇಲ್ಲದ ಕಡೆ ಔಷಧವನ್ನು ಸೋಲಿಸುವ ಬ್ಯಾಕ್ಟೀರಿಯಾ ಹೇಗೆ ಬಂತು? ತಂಡ ಕೊಟ್ಟ ಉತ್ತರ ಎಲ್ಲರೂ ಊಹಿಸುವಂಥದ್ದೇ: ಆ ಹಕ್ಕಿಗಳು ವರ್ಷವಿಡೀ ಅಲ್ಲಿರುವುದಿಲ್ಲ. ಚಳಿಗಾಲವನ್ನು ಜನರ ನಡುವೆ, ಬೇರೆ ಖಂಡಗಳಲ್ಲಿ ಕಳೆದು ಬರುತ್ತವೆ.

ಅಂದಿನಿಂದ ಇಂಥ ಸಂಶೋಧನೆ ಹೊರಬಿದ್ದಾಗಲೆಲ್ಲ ‘ವಲಸೆ ಹಕ್ಕಿಗಳಿಂದ ಅಪಾಯಕಾರಿ ಬ್ಯಾಕ್ಟೀರಿಯಾ’ ಎಂಬ ಧಾಟಿಯ ತಲೆಬರಹಗಳು ಬರುತ್ತಲೇ ಇವೆ. ಆ ತಲೆಬರಹಗಳ ಬಗ್ಗೆ ನನಗೆ ತಕರಾರಿದೆ. ಹಕ್ಕಿ ಎಷ್ಟು ಸಾವಿರ ಕಿಲೋಮೀಟರ್ ಹಾರಿತು ಎಂಬ ಬೆರಗಿನಲ್ಲಿ ಅದು ಎಲ್ಲಿ ಇಳಿದು ಏನು ತಿಂದಿತು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಈ ಎರಡು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಿದರೆ ಊಟದ ಜಾಗವೇ ಹೆಚ್ಚು ಕಥೆ ಹೇಳುತ್ತದೆ.

ಮೊದಲು ಔಷಧ ನಿರೋಧಕತೆ ಎಂದರೇನು ಎಂಬುದನ್ನು ನೋಡಿಬಿಡೋಣ. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಗಳು ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಿಕೊಳ್ಳುವ ಕೆಲಸವನ್ನು ಕೆಡಿಸುತ್ತವೆ. ಗೋಡೆ ನಿಲ್ಲದಿದ್ದರೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಈ ಔಷಧಗಳ ಅಣುವಿನಲ್ಲಿ ಬೀಟಾ ಲ್ಯಾಕ್ಟಮ್ ಎಂಬ ನಾಲ್ಕು ಪರಮಾಣುಗಳ ಪುಟ್ಟ ಉಂಗುರವಿದೆ. ಔಷಧದ ಶಕ್ತಿಯೆಲ್ಲ ಅದರಲ್ಲೇ. ಕೆಲವು ಬ್ಯಾಕ್ಟೀರಿಯಾಗಳು ಆ ಉಂಗುರವನ್ನೇ ಕತ್ತರಿಸುವ ಕಿಣ್ವವನ್ನು ತಯಾರಿಸುತ್ತವೆ. ಅದಕ್ಕೆ ಬೀಟಾ ಲ್ಯಾಕ್ಟಮೇಸ್ ಎಂದು ಹೆಸರು. ಹಳೆಯ ಕಿಣ್ವಗಳಿಗೆ ಮುಖ್ಯವಾಗಿ ಪೆನಿಸಿಲಿನ್ ಬಗೆಯವನ್ನು ಕತ್ತರಿಸಲು ಬರುತ್ತಿತ್ತು. ಸೆಫೋಟ್ಯಾಕ್ಸಿಮ್‌ನಂಥ ಹೊಸ ಪೀಳಿಗೆಯ ಔಷಧಗಳನ್ನೂ ಕತ್ತರಿಸಬಲ್ಲ ಕಿಣ್ವಗಳನ್ನು ವೈದ್ಯರು ಚುಟುಕಾಗಿ ಇಎಸ್‌ಬಿಎಲ್ ಎನ್ನುತ್ತಾರೆ. ಮೂತ್ರಕೋಶದ ಸೋಂಕಿಗೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದವರ ವರದಿಯ ಕೊನೆಯಲ್ಲಿ ಈ ನಾಲ್ಕು ಅಕ್ಷರಗಳು ಇತ್ತೀಚೆಗೆ ಆಗಾಗ ಕಾಣಿಸುತ್ತವೆ. ಕತ್ತರಿಸುವುದೊಂದೇ ದಾರಿಯೂ ಅಲ್ಲ. ಒಳಬಂದ ಔಷಧವನ್ನು ಪಂಪಿನಂತೆ ಹೊರದೂಡುವ, ಔಷಧ ಬಂದು ಕೂರುವ ಜಾಗದ ಆಕಾರವನ್ನೇ ಬದಲಿಸಿಕೊಳ್ಳುವ ಬ್ಯಾಕ್ಟೀರಿಯಾಗಳೂ ಇವೆ.

ಈ ಸಾಮರ್ಥ್ಯವನ್ನು ನಾವು ಸೃಷ್ಟಿಸಿದ್ದಲ್ಲ. ಕೆನಡಾದ ಸಂಶೋಧಕರು 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಪೆನಿಸಿಲಿನ್ ಬಳಗ, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ಇವುಗಳನ್ನು ತಡೆಯುವ ವಂಶವಾಹಿಗಳನ್ನು ಪತ್ತೆ ಮಾಡಿ 2011ರಲ್ಲಿ ವರದಿ ಮಾಡಿದರು. ಮಣ್ಣಿನ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಒಂದರ ಮೇಲೊಂದು ರಾಸಾಯನಿಕ ಎರಚಿಕೊಂಡು ಬದುಕಿದ ಇತಿಹಾಸ ಮನುಷ್ಯನಿಗಿಂತ ಬಹಳ ಹಳೆಯದು. ನಾವು ಮಾಡಿದ್ದು ಬೇರೆ. ಟನ್ನುಗಟ್ಟಲೆ ಔಷಧ ಸುರಿದು, ಅಲ್ಲೊಂದು ಇಲ್ಲೊಂದು ಇದ್ದ ನಿರೋಧಕ ವಂಶವಾಹಿಗಳನ್ನು ರೋಗ ತರುವ ಬ್ಯಾಕ್ಟೀರಿಯಾಗಳ ಒಳಗೆ ಒಟ್ಟುಗೂಡಿಸಿದೆವು. ಇಂದು ಜಗತ್ತಿನಾದ್ಯಂತ ಹರಡಿರುವ ಸಿಟಿಎಕ್ಸ್-ಎಂ ಎಂಬ ಇಎಸ್‌ಬಿಎಲ್ ಕುಟುಂಬದ ಮೂಲ ಕ್ಲೂಯ್ವೆರಾ ಎಂಬ ನಿರುಪದ್ರವಿ ಬ್ಯಾಕ್ಟೀರಿಯಾದ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್‌ಎಯಲ್ಲಿ, ಇದೆ. ಆ ಕುಟುಂಬದಲ್ಲೇ ಅತ್ಯಂತ ಯಶಸ್ವಿಯಾದ ಸಿಟಿಎಕ್ಸ್-ಎಂ-15 ಮೊದಲು ಗುರುತಾದದ್ದು 1999ರಲ್ಲಿ ದೆಹಲಿಯಲ್ಲಿ ಸಂಗ್ರಹಿಸಿದ ಮಾದರಿಗಳಲ್ಲಿ. ಹಕ್ಕಿಗಳ ಹಿಕ್ಕೆಯಲ್ಲಿ ಸಂಶೋಧಕರು ಮತ್ತೆ ಮತ್ತೆ ಕಾಣುವುದೂ ಇದೇ ವಂಶವಾಹಿಯನ್ನು. ಆದ್ದರಿಂದ ಹಿಮದ ಮಣ್ಣಿನ ಉದಾಹರಣೆ ಹಿಡಿದು ‘ಇದೆಲ್ಲ ಪ್ರಕೃತಿಯಲ್ಲಿ ಇದ್ದದ್ದೇ’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಹಕ್ಕಿಯ ಹೊಟ್ಟೆಯಲ್ಲಿ ಸಿಗುತ್ತಿರುವುದು ಆಸ್ಪತ್ರೆಯ ವಾರ್ಡಿನಲ್ಲಿ ಹೆಸರು ಮಾಡಿದ ತಳಿಗಳು.

ಇನ್ನೊಂದು ಸಂಗತಿ ತಿಳಿಯದಿದ್ದರೆ ಮುಂದಿನದು ಅರ್ಥವಾಗದು. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಒಂದು ಕಡೆ ಇದ್ದರೆ, ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಬಳೆಗಳು ಬೇರೆಯಾಗಿ ಇರುತ್ತವೆ. ಒಂದು ಬ್ಯಾಕ್ಟೀರಿಯಾ ಪಕ್ಕದ ಇನ್ನೊಂದಕ್ಕೆ ಪ್ಲಾಸ್ಮಿಡ್‌ನ ಪ್ರತಿಯನ್ನು ದಾಟಿಸಬಲ್ಲದು, ಎರಡೂ ಬೇರೆ ಬೇರೆ ಜಾತಿಯವಾಗಿದ್ದರೂ ಸರಿ. ಮದುವೆ ಮನೆಯಲ್ಲಿ ಪರಿಚಯವಿಲ್ಲದ ಇಬ್ಬರು ಹೆಂಗಸರು ಉಪ್ಪಿನಕಾಯಿಯ ಅಳತೆ ಬರೆದ ಚೀಟಿಯನ್ನು ನಕಲು ಮಾಡಿಕೊಂಡು ಹೋಗುವ ಹಾಗೆ. ನೆಂಟಸ್ತಿಕೆ ಬೇಕಿಲ್ಲ, ಪಕ್ಕ ಕೂತರೆ ಸಾಕು. ಒಂದೇ ಪ್ಲಾಸ್ಮಿಡ್‌ನಲ್ಲಿ ಐದಾರು ಔಷಧಗಳನ್ನು ತಡೆಯುವ ವಂಶವಾಹಿಗಳು ಸಾಲಾಗಿ ಇರುವುದುಂಟು. ಹೀಗಾಗಿ ಒಂದು ಔಷಧ ಬಳಸಿದಾಗ ಉಳಿದವಕ್ಕೂ ನಿರೋಧಕತೆ ತಾನೇ ತಾನಾಗಿ ಉಳಿದುಕೊಳ್ಳುತ್ತದೆ.

ಇದನ್ನು ಪತ್ತೆ ಮಾಡುವ ಕೆಲಸ ನೋಡಲು ಸರಳವಾಗಿದೆ. ಹಕ್ಕಿಯನ್ನು ಹಿಡಿದು ಹಿಂಭಾಗದಲ್ಲಿ ಹತ್ತಿ ಸುತ್ತಿದ ಕಡ್ಡಿ ಆಡಿಸುತ್ತಾರೆ, ಇಲ್ಲವೇ ಹಿಂಡು ಎದ್ದು ಹೋದ ಕೂಡಲೇ ಹಸಿ ಹಿಕ್ಕೆಯನ್ನು ಎತ್ತಿಕೊಳ್ಳುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಮ್ಯಾಕ್‌ಕಾಂಕಿ ಎಂಬ ಮಾಧ್ಯಮ ಹರಡಿದ ತಟ್ಟೆಯ ಮೇಲೆ ಎಳೆದು, 37 ಡಿಗ್ರಿ ಬಿಸುಪಿನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಇ. ಕೋಲಿ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಎದ್ದಿರುತ್ತದೆ. ಆ ಚುಕ್ಕೆಯೊಂದನ್ನು ಎತ್ತಿ ಇನ್ನೊಂದು ತಟ್ಟೆಯ ತುಂಬ ಸವರಿ, ಮೇಲೆ ಆರು ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಪ್ರತಿ ಬಿಲ್ಲೆಯಲ್ಲೂ ಒಂದೊಂದು ಔಷಧ. ಮರುದಿನ ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತವಿರುತ್ತದೆ. ಅದರ ಅಗಲವನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ. ನಿರೋಧಕ ತಳಿಯಾದರೆ ಬ್ಯಾಕ್ಟೀರಿಯಾದ ಮಬ್ಬು ಪದರ ಬಿಲ್ಲೆಯ ಅಂಚಿನವರೆಗೂ ಬಂದು ನಿಂತಿರುತ್ತದೆ. ಕೆಲವು ತಟ್ಟೆಗಳಲ್ಲಿ ಎಲ್ಲ ಬಿಲ್ಲೆಗಳ ಸುತ್ತಲೂ ಹೀಗೇ.

ಬಿಲ್ಲೆಯ ಪರೀಕ್ಷೆ ‘ನಿರೋಧಕವೇ’ ಎಂಬುದನ್ನಷ್ಟೇ ಹೇಳುತ್ತದೆ. ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಜೀನೋಮನ್ನೇ ಓದಬೇಕು. ಆ ಸೌಲಭ್ಯ ಅಗ್ಗವಾದ ಮೇಲೆಯೇ ಈ ಕ್ಷೇತ್ರಕ್ಕೆ ನಿಜವಾದ ಕಳೆ ಬಂದದ್ದು. ಅದರ ಒಳ್ಳೆಯ ಉದಾಹರಣೆ ಅಲಾಸ್ಕಾದ ದಕ್ಷಿಣದ ಕೀನೈ ಪರ್ಯಾಯ ದ್ವೀಪದಿಂದ ಸಿಕ್ಕಿದೆ.

ಕೀನೈ ಸಾಲ್ಮನ್ ಮೀನಿಗೆ ಹೆಸರಾದ ನದಿಗಳ ನಾಡು. ಅಲ್ಲಿಯ ಊರುಗಳ ಕಸ ಸುರಿಯುವ ಜಾಗಕ್ಕೆ ಕಡಲಕ್ಕಿಗಳು ದಂಡು ದಂಡಾಗಿ ಬರುತ್ತವೆ. ಅಮೆರಿಕದ ಲಾಂಛನವಾದ ಬಿಳಿತಲೆಯ ಬಾಲ್ಡ್ ಈಗಲ್ ಕೂಡ ತನ್ನ ಠೀವಿಯನ್ನೆಲ್ಲ ಬದಿಗಿಟ್ಟು ಕಸ ಕೆದಕಲು ಬರುತ್ತದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆಯ ಸಂಶೋಧಕರು ಸ್ವೀಡನ್ನಿನವರ ಜೊತೆ ಸೇರಿ ಇವೆರಡೂ ಹಕ್ಕಿಗಳಿಂದ ಸೆಫೋಟ್ಯಾಕ್ಸಿಮ್ ಸೇರಿದ ಸೆಫಲೊಸ್ಪೊರಿನ್ ಗುಂಪಿನ ಔಷಧಗಳಿಗೆ ಬಗ್ಗದ ಇ. ಕೋಲಿಗಳನ್ನು ಬೇರ್ಪಡಿಸಿ, ಜೀನೋಮ್ ಓದಿ, 2018ರಲ್ಲಿ ಪ್ರಕಟಿಸಿದರು. ಮನುಷ್ಯರಲ್ಲಿ ಸೋಂಕು ತರುವ ಪರಿಚಿತ ವಂಶಾವಳಿಗಳೇ ಅಲ್ಲಿ ಸಿಕ್ಕವು. ಅದಕ್ಕಿಂತ ಕುತೂಹಲದ ಎರಡು ಸಂಗತಿಗಳಿದ್ದವು. ಒಂದಕ್ಕೊಂದು ಸಂಬಂಧವೇ ಇಲ್ಲದ ಇ. ಕೋಲಿ ತಳಿಗಳು, ಒಂದು ಕಡಲಕ್ಕಿಯದು, ಒಂದು ಬಾಲ್ಡ್ ಈಗಲ್‌ನದು, ಒಂದೇ ಬಗೆಯ ನಿರೋಧಕತೆಯನ್ನು ತೋರಿದವು. ಇದರ ತದ್ವಿರುದ್ಧವೂ ಇತ್ತು: ಮುಖ್ಯ ಜೀನೋಮಿನಲ್ಲಿ ವ್ಯತ್ಯಾಸವೇ ಕಾಣದಷ್ಟು ಹತ್ತಿರದ ತಳಿಗಳು ಬೇರೆ ಬೇರೆ ಔಷಧಗಳನ್ನು ತಡೆಯುತ್ತಿದ್ದವು.

ಎರಡನ್ನೂ ಜೋಡಿಸಿ ನೋಡಿದರೆ ಅಲ್ಲಿ ನಡೆಯುತ್ತಿದ್ದುದು ಬಯಲಾಗುತ್ತದೆ. ಬ್ಯಾಕ್ಟೀರಿಯಾಗಳು ಹಕ್ಕಿಯಿಂದ ಹಕ್ಕಿಗೆ ದಾಟುತ್ತಿವೆ. ಅದರ ಜೊತೆಗೆ ಹಕ್ಕಿಗಳ ಕರುಳಿನೊಳಗೆ ಇಲ್ಲವೇ ಅವು ಕೆದಕುವ ಕಸದಲ್ಲಿ ಪ್ಲಾಸ್ಮಿಡ್‌ಗಳು ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುತ್ತಿವೆ. ಅಂದರೆ ಹಕ್ಕಿ ಸಿಕ್ಕಿದ್ದನ್ನು ಸಿಕ್ಕ ಹಾಗೆ ಹೊರುವ ಚೀಲವಲ್ಲ, ಅದರ ಹೊಟ್ಟೆಯಲ್ಲಿ ಹೊಸ ಜೋಡಣೆಗಳೂ ಹುಟ್ಟಬಹುದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಗಂಭೀರವಾದ ಭಾಗ ಇದೇ. ಇದೇ ಬಳಗ ಅಲಾಸ್ಕಾದ ಕಡಲಕ್ಕಿಗಳಲ್ಲಿ ಕಾರ್ಬಪೆನೆಮ್ ಔಷಧಗಳನ್ನು ಕತ್ತರಿಸುವ ಇ. ಕೋಲಿಗಳನ್ನೂ ಒಂದಕ್ಕಿಂತ ಹೆಚ್ಚು ಬಾರಿ ಕಂಡಿತು. ಐಸಿಯುನಲ್ಲಿ ಉಳಿದ ಔಷಧಗಳೆಲ್ಲ ಸೋತಾಗ ಕೊಡುವ ಮೆರೊಪೆನೆಮ್ ಇದೇ ಗುಂಪಿನದು. ಬಳಿಕ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟ ಕಡಲಕ್ಕಿಗಳ ಜಾಡನ್ನೂ ಬ್ಯಾಕ್ಟೀರಿಯಾಗಳ ವಂಶಾವಳಿಯನ್ನೂ ಹೋಲಿಸಿ, ಕಸದ ಗುಡ್ಡೆಯಲ್ಲಿ ಉಣ್ಣುವ ಹಕ್ಕಿಗಳು ಖಂಡದುದ್ದಕ್ಕೂ ಈ ತಳಿಗಳನ್ನು ಹರಡಬಲ್ಲವು ಎಂದು ತೋರಿಸಿದರು.

ಹಾರಾಟಕ್ಕಿಂತ ಊಟ ಮುಖ್ಯ ಎನ್ನುವುದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ಆಸ್ಟ್ರೇಲಿಯಾದ್ದು. ಸಿಡ್ನಿಯ ದಕ್ಷಿಣಕ್ಕಿರುವ ವೊಲೊಂಗಾಂಗ್ ಪಟ್ಟಣದ ಎದುರಿನ ಕಡಲಿನಲ್ಲಿ ಐದು ಪುಟ್ಟ ದ್ವೀಪಗಳಿವೆ. ಬೆಳ್ಳಿ ಕಡಲಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. 2012ರಲ್ಲಿ ಮರಿಗಳಿಂದ ತೆಗೆದ ಮಾದರಿಗಳಲ್ಲಿ ಹತ್ತರಲ್ಲಿ ನಾಲ್ಕರಷ್ಟು ಮರಿಗಳು ಐಎಂಪಿ-4 ಎಂಬ ಕಾರ್ಬಪೆನೆಮ್ ಕತ್ತರಿಸುವ ಕಿಣ್ವವುಳ್ಳ ಬ್ಯಾಕ್ಟೀರಿಯಾಗಳನ್ನು ಹೊತ್ತಿದ್ದವು. ಅವು ರೆಕ್ಕೆ ಬಲಿಯದ ಮರಿಗಳು. ಒಂದು ಕಿಲೋಮೀಟರ್ ಕೂಡ ಹಾರಿರಲಿಲ್ಲ. ತಾಯಿತಂದೆ ಹಕ್ಕಿಗಳು ದಡದ ಮೇಲಿನ ಕಸದ ಜಾಗಗಳಲ್ಲಿ ಹೆಕ್ಕಿ ತಂದು ಉಣಿಸಿದ್ದನ್ನು ಉಂಡಿದ್ದವು, ಅಷ್ಟೆ.

ಎಲ್ಲ ಹಕ್ಕಿಗಳ ಕತೆಯೂ ಒಂದೇ ಅಲ್ಲ. ಕಡಲಕ್ಕಿ, ಕಾಗೆ, ಹದ್ದು ಇವು ನಮ್ಮ ಎಂಜಲಿಗೆ ಒಗ್ಗಿಹೋದವು. ನಿರೋಧಕ ತಳಿಗಳು ಹೆಚ್ಚಾಗಿ ಸಿಗುವುದೂ ಇವುಗಳಲ್ಲೇ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ ದಕ್ಷಿಣ ಅಮೆರಿಕದ ಕರಾವಳಿಗೆ ಇಳಿಯುವ ಫ್ರಾಂಕ್ಲಿನ್ ಕಡಲಕ್ಕಿಗಳನ್ನು ಚಿಲಿ ದೇಶದಲ್ಲಿ ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಮಾದರಿಗಳಲ್ಲಿ ಇಎಸ್‌ಬಿಎಲ್ ಇ. ಕೋಲಿ ಇತ್ತು. ಮೊದಲು ಹೇಳಿದ, ಜನವಸತಿಯಿಂದ ದೂರದ ಆರ್ಕ್‌ಟಿಕ್ ಬಯಲಿನಲ್ಲಿ ನೂರಕ್ಕೆ ಎಂಟು, ಅದೂ ಒಂದೋ ಎರಡೋ ಔಷಧಗಳನ್ನು ತಡೆಯುವವನ್ನೂ ಸೇರಿಸಿ; ಇಲ್ಲಿ ಅರ್ಧಕ್ಕೂ ಹೆಚ್ಚು. ಎರಡೂ ಕಡೆಯವು ಸಾವಿರಾರು ಕಿಲೋಮೀಟರ್ ಹಾರುವ ಹಕ್ಕಿಗಳೇ. ಪರೀಕ್ಷೆಯ ವಿಧಾನ ಬೇರೆ ಬೇರೆಯಾದ್ದರಿಂದ ಈ ಅಂಕಿಗಳನ್ನು ತಕ್ಕಡಿಗಿಟ್ಟು ತೂಗುವಂತಿಲ್ಲ ಎಂಬುದು ಸರಿ, ಆದರೂ ಅಂತರ ಕಣ್ಣಿಗೆ ರಾಚುವಂತಿದೆ.

ಕಸವು ವಲಸೆಯನ್ನೇ ಬದಲಿಸಿದ ಉದಾಹರಣೆಯೂ ಉಂಟು. ಸ್ಪೇನ್, ಪೋರ್ಚುಗಲ್‌ಗಳ ಬಿಳಿ ಕೊಕ್ಕರೆಗಳು ಚಳಿಗಾಲಕ್ಕೆ ಸಹಾರಾ ದಾಟಿ ಆಫ್ರಿಕಾಕ್ಕೆ ಹೋಗುತ್ತಿದ್ದವು. 1980ರ ದಶಕದಿಂದೀಚೆಗೆ ಸಾವಿರಾರು ಕೊಕ್ಕರೆಗಳು ಪ್ರಯಾಣವನ್ನೇ ಬಿಟ್ಟು ಊರ ಹೊರಗಿನ ಕಸದ ಗುಡ್ಡೆಗಳ ಬಳಿ ವರ್ಷವಿಡೀ ನೆಲೆ ನಿಂತಿವೆ. ಕೂತಲ್ಲೇ ಊಟ ಸಿಗುವಾಗ ಮರಳುಗಾಡು ದಾಟುವವರು ಯಾರು!

ಈಗ ಕಾಲದ ಲೆಕ್ಕ ನೋಡಿ. ಕೊಲಿಸ್ಟಿನ್ ಹಳೆಯ ಔಷಧ. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ವೈದ್ಯರು ಅದನ್ನು ಬದಿಗಿಟ್ಟಿದ್ದರು. ಕಾರ್ಬಪೆನೆಮ್ ಕೂಡ ಸೋಲತೊಡಗಿದ ಮೇಲೆ ಬೇರೆ ದಾರಿಯಿಲ್ಲದೆ ಮತ್ತೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಪಶುಸಾಕಣೆಯವರು ಹಂದಿ, ಕೋಳಿಗಳು ಬೇಗ ಕೊಬ್ಬಲೆಂದು ಅದನ್ನು ಮೇವಿನಲ್ಲಿ ಬೆರೆಸುತ್ತ ಬಂದಿದ್ದರು. 2015ರ ನವೆಂಬರ್‌ನಲ್ಲಿ ಚೀನಾದ ಸಂಶೋಧಕರು ಕೊಲಿಸ್ಟಿನ್ ಅನ್ನು ತಡೆಯುವ ಎಂಸಿಆರ್-1 ಎಂಬ ವಂಶವಾಹಿ ಪ್ಲಾಸ್ಮಿಡ್ ಮೇಲೇ ಇದೆ ಎಂದು ಪ್ರಕಟಿಸಿದರು. ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಅದು ಸಿಕ್ಕಿತ್ತು. ಮರುವರ್ಷ ಮುಗಿಯುವುದರೊಳಗೆ ಅದೇ ವಂಶವಾಹಿ ಲಿಥುವೇನಿಯಾದ ಕಡಲಕ್ಕಿಯಲ್ಲಿ, ದಕ್ಷಿಣ ಅಮೆರಿಕದ ತುತ್ತತುದಿಯ ಉಶುವಾಯಾ ಪಟ್ಟಣದ ಕಡಲಕ್ಕಿಗಳಲ್ಲಿ, ಪಾಕಿಸ್ತಾನಕ್ಕೆ ವಲಸೆ ಬಂದ ನಾಮದಕೋಳಿಯೊಂದರಲ್ಲಿ ಸಿಕ್ಕಿದ ವರದಿಗಳು ಬಂದವು. ನಮ್ಮ ಕೆರೆಗಳಲ್ಲಿ ಹಣೆಗೆ ಬಿಳಿ ನಾಮ ಇಟ್ಟುಕೊಂಡು ಈಜುವ ನಾಮದಕೋಳಿಯ ಜಾತಿಯದೇ ಅದು. ಇಷ್ಟು ಬೇಗ ಅದು ಭೂಮಿಯ ಮೂರು ಮೂಲೆಗಳಿಗೆ ಹಾರಿಹೋಯಿತು ಎಂದುಕೊಳ್ಳಬೇಡಿ. ಮೊದಲೇ ಹರಡಿತ್ತು; ಏನನ್ನು ಹುಡುಕಬೇಕೆಂದು ಗೊತ್ತಾದದ್ದು ತಡವಾಗಿ.

ದೆಹಲಿಯ ಹೆಸರು ಹೊತ್ತು ನಮ್ಮಲ್ಲಿ ರಾಜಕೀಯ ಗದ್ದಲವೆಬ್ಬಿಸಿದ, ಕಾರ್ಬಪೆನೆಮ್ ಕತ್ತರಿಸುವ ಎನ್‌ಡಿಎಂ-1 ಕಿಣ್ವದ ಕತೆಯೂ ಹೀಗೇ. ಭಾರತದಲ್ಲಿ ಚಿಕಿತ್ಸೆ ಪಡೆದು ಮರಳಿದ್ದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ ಅದು 2008ರಲ್ಲಿ ಪತ್ತೆಯಾಯಿತು. 2013ರಲ್ಲಿ ಜರ್ಮನಿಯ ಸಂಶೋಧಕರು ಎನ್‌ಡಿಎಂ-1 ಉಳ್ಳ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಕಾಡು ಹಕ್ಕಿಯೊಂದರಲ್ಲಿ ಕಂಡದ್ದಾಗಿ ವರದಿ ಮಾಡಿದರು. ಹಕ್ಕಿ ಯಾವುದು? ನಮ್ಮ ಮಾಂಸದಂಗಡಿಗಳ ಮೇಲೆ ಗಿರಕಿ ಹೊಡೆಯುವ ಹದ್ದಿನ ಜಾತಿಯದೇ. ಯುರೋಪಿನ ಹದ್ದುಗಳು ಚಳಿಗಾಲದಲ್ಲಿ ಆಫ್ರಿಕಾಕ್ಕೆ ಹೋಗುವುದರಿಂದ ಅದನ್ನು ದೆಹಲಿಗೆ ನೇರ ಗಂಟು ಹಾಕುವಂತಿಲ್ಲ.

ಹಕ್ಕಿ ಇವನ್ನು ಎಷ್ಟು ದಿನ ಹೊತ್ತಿರುತ್ತದೆ? ಹಾರುವ ಪ್ರಾಣಿಯ ಕರುಳು ಹಗುರ, ಚಿಕ್ಕದು. ಬಾತು ನುಂಗಿದ್ದು ಕೆಲವೇ ಗಂಟೆಗಳಲ್ಲಿ ಹೊರಬೀಳುತ್ತದೆ. ಬ್ಯಾಕ್ಟೀರಿಯಾ ಊಟದ ಜೊತೆ ಹಾದುಹೋಗುವಂತಿದ್ದರೆ ಅದು ಮುಂದಿನ ಕೆರೆಯವರೆಗೂ ಬರಲಾರದು. ಸ್ವೀಡನ್ನಿನಲ್ಲಿ ಮಲ್ಲಾರ್ಡ್ ಬಾತುಗಳಿಗೆ ಇಎಸ್‌ಬಿಎಲ್ ಇ. ಕೋಲಿಯನ್ನು ಉದ್ದೇಶಪೂರ್ವಕವಾಗಿ ಕೊಟ್ಟು ನೋಡಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಯಾವ ಆಂಟಿಬಯೋಟಿಕ್ ಕೊಡದಿದ್ದರೂ ಬಾತುಗಳು ಅದನ್ನು ವಾರಗಟ್ಟಲೆ ಹೊತ್ತವು, ಜೊತೆಯಲ್ಲಿದ್ದ ಸೋಂಕಿಲ್ಲದ ಬಾತುಗಳಿಗೂ ಬೇಗನೆ ದಾಟಿಸಿದವು. ವಾರಗಟ್ಟಲೆ ಎಂದರೆ ಒಂದು ವಲಸೆಗೆ ಧಾರಾಳ ಸಾಕು. ಈ ಹೊರೆಯಿಂದ ಹಕ್ಕಿಗೆ ಕಾಯಿಲೆಯೂ ಬರುವುದಿಲ್ಲ. ಹಕ್ಕಿಜ್ವರದಲ್ಲಾದರೆ ಸತ್ತ ಹಕ್ಕಿಗಳೇ ಸುದ್ದಿ ಮುಟ್ಟಿಸುತ್ತವೆ. 2005ರಲ್ಲಿ ಚೀನಾದ ಚಿಂಘೈ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಸೇರಿ ಸಾವಿರಾರು ನೀರಹಕ್ಕಿಗಳು ಸತ್ತಾಗ ಜಗತ್ತೇ ಎಚ್ಚೆತ್ತಿತ್ತು. ಇಲ್ಲಿ ಆ ಎಚ್ಚರಿಕೆ ಇಲ್ಲ; ಹಕ್ಕಿ ಆರಾಮವಾಗಿರುತ್ತದೆ.

ಹಾಗಾದರೆ ಹಕ್ಕಿಯಿಂದ ನಮಗೆ ಬರುತ್ತದೆಯೇ? ದಾರಿಯಂತೂ ಇದೆ. 2008ರಲ್ಲಿ ಅಲಾಸ್ಕಾದ ಬಟಾಣಿ ಹೊಲವೊಂದರ ಹಸಿ ಬಟಾಣಿ ತಿಂದು ಹತ್ತಾರು ಜನ ಭೇದಿಯಿಂದ ಮಲಗಿದರು. ಹೊಲದಲ್ಲಿ ಇಳಿದು ಮೇಯುತ್ತಿದ್ದ ಸ್ಯಾಂಡ್‌ಹಿಲ್ ಕ್ರೌಂಚ ಹಕ್ಕಿಗಳ ಹಿಕ್ಕೆಯಲ್ಲಿದ್ದ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮತ್ತು ರೋಗಿಗಳಲ್ಲಿ ಸಿಕ್ಕದ್ದು ಒಂದೇ ಎಂದು ಪರೀಕ್ಷೆಗಳು ತೋರಿಸಿದವು. ಅದು ನಿರೋಧಕತೆಯ ಕತೆಯಲ್ಲ, ಆದರೆ ಹಿಕ್ಕೆಯಿಂದ ತಟ್ಟೆಗೆ ಇರುವ ದೂರ ಎಷ್ಟು ಕಡಿಮೆ ಎಂಬುದಕ್ಕೆ ಅದಕ್ಕಿಂತ ಚೊಕ್ಕ ಪುರಾವೆ ಬೇಕಿಲ್ಲ. ನಿರೋಧಕ ಬ್ಯಾಕ್ಟೀರಿಯಾದ ಮಟ್ಟಿಗೆ ಹಕ್ಕಿ ಮತ್ತು ಮನುಷ್ಯ ಒಂದೇ ತಳಿಯನ್ನು ಹೊತ್ತಿರುವುದು ಹಲವು ಕಡೆ ಸಾಬೀತಾಗಿದೆ. ಹಕ್ಕಿಯಿಂದಲೇ ಇಂಥ ರೋಗಿಗೆ ಬಂತು ಎಂದು ಬೆರಳಿಟ್ಟು ತೋರಿಸುವುದು ಬಹಳ ಕಷ್ಟ. ಜನರು ಅದನ್ನು ಪಡೆಯಲು ಹಕ್ಕಿಗಿಂತ ಹತ್ತಿರದ ದಾರಿಗಳು ಬೇಕಾದಷ್ಟಿವೆ: ಆಸ್ಪತ್ರೆ, ಮನೆಯವರು, ಕೋಳಿಮಾಂಸ, ಕೊಳಚೆ ಬೆರೆತ ನೀರು, ವಿಮಾನ ಪ್ರಯಾಣ. 2019ರಲ್ಲಿ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬುದು ಅಂದಾಜು. ಆ ಸಾವುಗಳ ಪಾಲು ಹಂಚಲು ಕೂತರೆ ಹೆಬ್ಬಾತಿನ ಹೆಸರು ಪಟ್ಟಿಯಲ್ಲಿ ಬಹಳ ಕೆಳಗೆ ಬಂದೀತು.

ಇನ್ನು ನಮ್ಮ ಕಡೆಗೆ ಬರೋಣ. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಕರ್ನಾಟಕದವರೆಗೂ ಬರುತ್ತದೆ. ಉಪಗ್ರಹ ಜಾಡು ಹಿಡಿದ ಅಧ್ಯಯನದಲ್ಲಿ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳನ್ನು ಮೈಸೂರು ಸುತ್ತಲಿನ ಕೆರೆಗಳಲ್ಲಿ ಹಕ್ಕಿವೀಕ್ಷಕರು ಗುರುತಿಸಿದ್ದಾರೆ. ಇವು ದೊಡ್ಡ ಸಂಖ್ಯೆಯಲ್ಲಿ ಇಳಿಯುವುದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ. ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಅದಕ್ಕೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸರ್ ತಾಣದ ಮನ್ನಣೆ ಸಿಕ್ಕಿತು. ಹೆಬ್ಬಾತುಗಳು ಕೆರೆಯಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಮೇಯುವ ಹೊಲಕ್ಕೆ ಬಿದ್ದಿರುವುದು ಯಾವ ಗೊಬ್ಬರ, ಕೋಳಿ ಫಾರಂನಿಂದ ಬಂದ ಗೊಬ್ಬರವಾದರೆ ಆ ಕೋಳಿಗಳಿಗೆ ಕೊಟ್ಟದ್ದೇನು ಎಂಬುದರ ಮೇಲೆ ಮಾರ್ಚ್‌ನಲ್ಲಿ ಅವು ಏನನ್ನು ಹೊತ್ತು ಹಿಮಾಲಯ ದಾಟುತ್ತವೆ ಎಂಬುದು ನಿಂತಿದೆ. ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬಂದರುಗಳಲ್ಲಿ ಮೀನಿನ ಚೂರಿಗೆ ಕಚ್ಚಾಡುವ ಕಂದುತಲೆಯ ಕಡಲಕ್ಕಿಗಳು ಬೇಸಿಗೆಗೆ ಲಡಾಖ್, ಟಿಬೆಟ್‌ನ ಸರೋವರಗಳಿಗೆ ಮರಳುತ್ತವೆ. ಅವುಗಳಿಗೂ ಇದೇ ಪ್ರಶ್ನೆ.

ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಗುರಿಯದು. ಬತ್ತಿದ್ದ ಕೆರೆಗಳು ತುಂಬಿದವು. ಕೊಳವೆಬಾವಿಗಳಲ್ಲಿ ನೀರು ಬಂದ ರೈತರ ಸಂತೋಷವನ್ನು ಕೀಳಾಗಿ ಕಾಣುವ ಹಕ್ಕು ಕಾವೇರಿ ನೀರು ಕುಡಿಯುವ ನಮಗಿಲ್ಲ. ಕೆರೆ ತುಂಬಿದಲ್ಲಿ ನೀರಹಕ್ಕಿಗಳೂ ಬರುತ್ತವೆ. ಮೂರನೇ ಹಂತದ ಸಂಸ್ಕರಣೆಯೂ ಆಗಲಿ ಎಂಬ ಬೇಡಿಕೆ ಜಿಲ್ಲೆಯಲ್ಲಿ ಮೊದಲಿನಿಂದಲೂ ಇದೆ. ಎರಡನೇ ಹಂತದ ಕೆಲಸ ಮುಖ್ಯವಾಗಿ ಸಾವಯವ ಕೊಳೆಯನ್ನು ತಗ್ಗಿಸುವುದು. ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಸಂಸ್ಕರಿಸಿದ ನೀರಿನ ಮಾನದಂಡಗಳಲ್ಲಿ ಆಮ್ಲಜನಕದ ಬೇಡಿಕೆ, ತೇಲುವ ಕಣ, ಮಲಮೂಲದ ಕೋಲಿಫಾರ್ಮ್ ಇವೆಲ್ಲ ಇವೆ. ನಿರೋಧಕ ವಂಶವಾಹಿ ಎಂಬ ಸಾಲು ಇಲ್ಲ.

ಔಷಧ ಕಾರ್ಖಾನೆಗಳ ನೀರಿನದು ಇನ್ನೂ ಬೇಸರದ ಕತೆ. ಹೈದರಾಬಾದ್ ಬಳಿಯ ಪಟಾಂಚೆರು ಕೈಗಾರಿಕಾ ಪ್ರದೇಶದ ಸಂಸ್ಕರಣಾ ಘಟಕದಿಂದ ಹೊರಬರುತ್ತಿದ್ದ ನೀರನ್ನು ಸ್ವೀಡನ್ನಿನ ತಂಡ ಪರೀಕ್ಷಿಸಿ 2007ರಲ್ಲಿ ವರದಿ ಮಾಡಿತು. ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್! ಒಂದು ದಿನದಲ್ಲಿ ಹರಿದುಹೋಗುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್, ಇಡೀ ಸ್ವೀಡನ್ ಐದು ದಿನಗಳಲ್ಲಿ ನುಂಗುವಷ್ಟಿತ್ತು. ಅಲ್ಲಿಯ ಕಾಜಿಪಲ್ಲಿ ಕೆರೆಯ ಕೆಸರಿನಲ್ಲಿ ನಿರೋಧಕ ವಂಶವಾಹಿಗಳೂ ಅವನ್ನು ದಾಟಿಸುವ ಪ್ಲಾಸ್ಮಿಡ್‌ಗಳೂ ತುಂಬಿರುವುದು ಆಮೇಲಿನ ಅಧ್ಯಯನದಲ್ಲಿ ಕಂಡಿತು. ಕಾರ್ಖಾನೆಯ ತ್ಯಾಜ್ಯನೀರಿನಲ್ಲಿ ಆಂಟಿಬಯೋಟಿಕ್ ಎಷ್ಟಿರಬಹುದು ಎಂಬ ಮಿತಿಯನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯ ಕರಡು ನಿಯಮದಲ್ಲಿ ಸೇರಿಸಿತ್ತು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಮಾಯವಾಗಿದ್ದವು. ಒಳ್ಳೆಯ ಹೆಜ್ಜೆಯೊಂದನ್ನು ಮರೆಯಬಾರದು: ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತ 2019ರ ಜುಲೈನಲ್ಲಿ ನಿಷೇಧಿಸಿತು. ಚೀನಾ ಅದನ್ನು ಮೇವಿನಲ್ಲಿ ಬೆರೆಸುವುದನ್ನು 2017ರಲ್ಲೇ ನಿಲ್ಲಿಸಿತ್ತು.

ಇದನ್ನೆಲ್ಲ ಓದಿದವರು ಕೆರೆಯ ಹಕ್ಕಿಗಳನ್ನು ಓಡಿಸಲು ಪಟಾಕಿ ಹಿಡಿದು ಹೊರಡಬಾರದು. ಓಡಿಸಿದರೆ ಹಿಂಡು ಚದುರಿ ಇನ್ನಷ್ಟು ಕೆರೆಗಳಿಗೆ ಹೋಗುತ್ತದೆ, ಅಷ್ಟೇ ಲಾಭ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಯಂಗಳದ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದಡಿಯ ಹಿಕ್ಕೆಯನ್ನು ಊರವರು ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ಹಕ್ಕಿ ತಂಗುವ ಕೆರೆಯ ನೀರನ್ನು ಕಾಯಿಸದೆ ಕುಡಿಯಬಾರದು, ಹಿಕ್ಕೆ ಬಿದ್ದ ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು, ಹಿಕ್ಕೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಮನೆಯ ಮಟ್ಟದಲ್ಲಿ ಇದಕ್ಕಿಂತ ಹೆಚ್ಚಿನ ಶಾಸ್ತ್ರ ಬೇಕಿಲ್ಲ.

ಸರ್ಕಾರದ ಮಟ್ಟದಲ್ಲಿ ಬೇಕಾದದ್ದು ಲೆಕ್ಕ. ಐಸಿಎಂಆರ್ 2013ರಲ್ಲಿ ಕಟ್ಟಿದ ಜಾಲ ಆಸ್ಪತ್ರೆಗಳಲ್ಲಿ ಸಿಗುವ ನಿರೋಧಕ ಬ್ಯಾಕ್ಟೀರಿಯಾಗಳ ಲೆಕ್ಕ ಇಡುತ್ತದೆ. ಮೀನು ಮತ್ತು ಜಾನುವಾರುಗಳಿಗೆ ಕೃಷಿ ಅನುಸಂಧಾನ ಪರಿಷತ್ತಿನ ಜಾಲವಿದೆ. ಕೆರೆಯ ಹಕ್ಕಿ ಇವೆರಡರ ನಡುವೆ ಜಾರಿಹೋಗುತ್ತದೆ. ಮಾಗಡಿ ಕೆರೆಯಂಥ ಜಾಗದಲ್ಲಿ ಕೆಲಸ ಶುರು ಮಾಡುವುದು ಕಷ್ಟವೇನಲ್ಲ, ಹಕ್ಕಿಯನ್ನು ಹಿಡಿಯಬೇಕಾಗಿಯೂ ಇಲ್ಲ. ಹೆಬ್ಬಾತುಗಳು ಬಂದಿಳಿದ ವಾರದಲ್ಲೇ ದಡದ ಹಸಿ ಹಿಕ್ಕೆಯನ್ನು ಎತ್ತಿ ಪರೀಕ್ಷಿಸಬೇಕು. ಅವು ಹೊರಡುವ ಮುನ್ನ ಅದೇ ದಡದಲ್ಲಿ ಮತ್ತೊಮ್ಮೆ. ಜೊತೆಗೆ ಸುತ್ತಲಿನ ಹೊಲದ ಗೊಬ್ಬರದಿಂದಲೂ ಕೆರೆಗೆ ಬಂದು ಸೇರುವ ಹಳ್ಳದ ನೀರಿನಿಂದಲೂ ಒಂದಷ್ಟು ಮಾದರಿ. ಬಂದಾಗ ಇದ್ದ ತಳಿಗಳು ಮಂಗೋಲಿಯಾ, ಟಿಬೆಟ್ ದಾರಿಯಲ್ಲಿ ಸಿಕ್ಕವು. ಹೋಗುವಾಗ ಹೊಸದಾಗಿ ಸೇರಿದ್ದು, ಅದೂ ಗೊಬ್ಬರದಲ್ಲೋ ಹಳ್ಳದಲ್ಲೋ ಸಿಕ್ಕ ತಳಿಗೇ ಹೊಂದಿದರೆ, ಗದಗದಲ್ಲಿ ನಾವೇ ಕಟ್ಟಿಕೊಟ್ಟದ್ದು.